ಮೇಲ್ಮನೆಯ ನೀರು, ಕೆಳಮನೆಯ ಹಕ್ಕು

ತವಕ್ಕುಲ್ ಎಂಬ ಪವಿತ್ರ ಪದವನ್ನು ನಾವು ಸೋಮಾರಿತನದ ಹೊದಿಕೆಯಾಗಿ ಮಾಡಿಕೊಂಡಿದ್ದೇವೆ. ಮೊದಲು ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ ಪ್ರಸಂಗವು ಮದ್ರಸದ ಎಳೆಯ ಮಕ್ಕಳಿಗೂ ತಿಳಿದಿದೆ. ಆದರೆ ಸ್ನಾನದ ಮನೆಯ ಗೀಸರ್ ತೊಟ್ಟಿಕ್ಕುತ್ತಿರುವಾಗ, ತಾರಸಿಯ ಟ್ಯಾಂಕ್ ತುಂಬಿ ಹರಿಯುತ್ತಿರುವಾಗ ಆ ಬೋಧನೆ ನಮಗೆ ನೆನಪಾಗುವುದಿಲ್ಲ.

ಅವೆನ್ಯೂ ರಸ್ತೆಯನ್ನೇ ನೋಡಿರಿ. ಹಿಂದೆ ದೊಡ್ಡಪೇಟೆಯೆನಿಸಿದ್ದ ಈ ಬೀದಿಯಲ್ಲೂ ಅದರ ಗಲ್ಲಿಗಳಲ್ಲೂ ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಹಳೆಯ ಪದ್ಧತಿ. ಗೋಡೆಗೆ ಗೋಡೆ ತಾಗಿದೆ. ಕೆಳಗಿರುವ ಸರಕಾದರೋ ಪುಸ್ತಕ, ಕಾಗದ, ಲಗ್ನಪತ್ರಿಕೆ. ಚಿಕ್ಕಪೇಟೆಯತ್ತ ತಿರುಗಿದರೆ ರೇಷ್ಮೆ ಸೀರೆ. ಮೇಲ್ಮನೆಯಿಂದ ಇಳಿದ ಒಂದು ರಾತ್ರಿಯ ನೀರು ಒಬ್ಬ ವ್ಯಾಪಾರಿಯ ವರ್ಷದ ದುಡಿಮೆಯನ್ನು ನಾಶಮಾಡಬಲ್ಲದು.

ಇಂತಹ ಸಂದರ್ಭದಲ್ಲಿ ನಮ್ಮಲ್ಲಿ ಎರಡು ಬಣಗಳು ಏಳುತ್ತವೆ. "ವಿಮೆ ಮಾಡಿಸಿದ್ದೇವೆ, ಕಂಪೆನಿ ನೋಡಿಕೊಳ್ಳುತ್ತದೆ" ಎನ್ನುವುದು ಒಂದು ಬಣ. "ವಿಮೆ ಹರಾಮ್, ಎಲ್ಲವೂ ವಿಧಿಲಿಖಿತ" ಎನ್ನುವುದು ಇನ್ನೊಂದು. ಇಬ್ಬರ ಮನೆಯ ಗೀಸರೂ ಸೋರುತ್ತಲೇ ಇರುತ್ತದೆ!

ಮೊದಲನೆಯವರು ಪಾಲಿಸಿಯನ್ನು ಓದಿಲ್ಲ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಎಂಬ ಪ್ರಮಾಣಿತ ಪಾಲಿಸಿಯು ನೀರಿನ ಟ್ಯಾಂಕ್, ಉಪಕರಣ ಹಾಗೂ ಕೊಳವೆಗಳು ಒಡೆದು ಅಥವಾ ಉಕ್ಕಿ ಹರಿದು ಉಂಟಾಗುವ ಹಾನಿಯನ್ನು ಭರಿಸುತ್ತದೆ, ನಿಜ. ಕಟ್ಟಡಕ್ಕೆ ವಿಮೆ ಮಾಡಿಸಿದವರ ಗೃಹೋಪಯೋಗಿ ವಸ್ತುಗಳಿಗೆ ಆ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ರಕ್ಷಣೆಯೂ ಇದೆ. ಆದರೆ ಸವೆತ, ತುಕ್ಕುಗಳಿಂದಾದ ನಷ್ಟಕ್ಕೆ ಅದು ಹೊಣೆಯಲ್ಲ. ಶಾರ್ಟ್ ಸರ್ಕ್ಯೂಟ್‌ನಿಂದ ಗೀಸರ್ ಸುಟ್ಟುಹೋದರೆ ಆ ಗೀಸರಿನ ಬೆಲೆಯನ್ನೂ ಅದು ಕೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಪಾಲಿಸಿ ರಕ್ಷಿಸುವುದು ನಮ್ಮ ಗೋಡೆಯನ್ನು, ನಮ್ಮ ಸಾಮಾನನ್ನು. ಕೆಳಗಿನವನ ನೆನೆದ ಪುಸ್ತಕಗಳಿಗೆ ಅದರಲ್ಲಿ ಜಾಗವಿಲ್ಲ.

ಎರಡನೆಯವರು ಫಿಕ್ಹ್ ಅನ್ನು ಅರ್ಧ ಓದಿದ್ದಾರೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1985ರಲ್ಲಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದು ಸಾರಿತು; ಅದೇ ನಿರ್ಣಯದಲ್ಲಿ ಪರಸ್ಪರ ಸಹಕಾರದ ವಿಮೆಯನ್ನು ಸಮ್ಮತವೆಂದೂ ಸಾರಿತು. ಮೊದಲರ್ಧವನ್ನು ಕಂಠಪಾಠ ಮಾಡಿದವರು ಎರಡನೆಯ ಅರ್ಧಕ್ಕಾಗಿ ಏನು ಮಾಡಿದ್ದಾರೆ? ಆಹಾರ ಕಡಿಮೆಯಾದಾಗ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಕೂಡಿಸಿ ಸಮನಾಗಿ ಹಂಚಿಕೊಳ್ಳುತ್ತಿದ್ದ ಅಶ್‌ಅರೀ ಜನರನ್ನು ಪ್ರವಾದಿವರ್ಯರು(ಸ) ಮೆಚ್ಚಿಕೊಂಡಿದ್ದರು. ನಮ್ಮ ಎಷ್ಟು ಮೊಹಲ್ಲಾಗಳಲ್ಲಿ ಅಂತಹ ಒಂದು ಸಹಾಯನಿಧಿ ಇದೆ?

ಇರಲಿ, ವಿಮೆಯ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಪ್ರತಿಯೊಬ್ಬರೂ ತಾವು ನಂಬುವ ವಿದ್ವಾಂಸರನ್ನು ಕೇಳಿ ನಡೆಯಲಿ. ಆದರೆ ಸೋರುವ ಕೊಳವೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಎಲ್ಲಿದೆ? ಹನಫೀ ಫಿಕ್ಹ್‌ನ ಗ್ರಂಥವಾದ 'ಹಿದಾಯ'ದಲ್ಲಿ ವಾಲಿದ ಗೋಡೆಯ ಕುರಿತೇ ಚರ್ಚೆಯಿದೆ. ಗೋಡೆ ವಾಲಿದೆ, ತೆಗೆಯಿರಿ ಎಂದು ಮಾಲೀಕನಿಗೆ ಹೇಳಿ, ಕಾಲಾವಕಾಶವಿದ್ದರೂ ಅವನು ಸುಮ್ಮನಿದ್ದು ಅದು ಕುಸಿದರೆ ನಷ್ಟದ ಹೊಣೆ ಅವನದೇ. "ಮೇಲಿನಿಂದ ನೀರು ಇಳಿಯುತ್ತಿದೆ, ಭಾಯಿ" ಎಂದು ಕೆಳಗಿನವನು ಮೂರು ಸಲ ಮೆಟ್ಟಿಲು ಹತ್ತಿ ಬಂದು ಹೇಳಿದ ಬಳಿಕವೂ ಪ್ಲಂಬರನನ್ನು ಕರೆಯದವನ ಸ್ಥಿತಿ ಇದಕ್ಕಿಂತ ಬೇರೆಯೇ?

ಆದುದರಿಂದ ಮೊದಲು ಮನೆಯನ್ನು ಪರಿಶೀಲಿಸೋಣ. ಕೊಳವೆಬಾವಿಯ ಗಡಸು ನೀರು ಗೀಸರಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿಗೊಳಿಸೋಣ. ಸೇಫ್ಟಿ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ನೋಡಿಸೋಣ. ಊರಿಗೆ ಹೊರಡುವಾಗ ನೀರಿನ ಮುಖ್ಯ ವಾಲ್ವನ್ನು ಮುಚ್ಚೋಣ. ಜುಮಾದ ಬಳಿಕ ಮೊಹಲ್ಲಾದ ಹಿರಿಯರು ಕುಳಿತು ಒಂದು ಸಹಾಯನಿಧಿಯ ಮಾತನ್ನಾದರೂ ಆರಂಭಿಸಲಿ.

ಕೆಳಗಿನ ಅಂಗಡಿಯವನು ಹಿಂದೂವೇ ಇರಲಿ, ಜೈನನೇ ಇರಲಿ, ಅವನು ನಮ್ಮ ನೆರೆಯವನು. ಅಲ್ಲಾಹನಿಗೆ ಸಲ್ಲಬೇಕಾದ ಹಕ್ಕಿನಲ್ಲಿ ಲೋಪವಾದರೆ ಅವನು ಕ್ಷಮಿಸಬಹುದು; ದಾಸರ ಹಕ್ಕನ್ನು ಆ ದಾಸನೇ ಕ್ಷಮಿಸಬೇಕು. ನಾಳೆ ಆ ನ್ಯಾಯಾಲಯದಲ್ಲಿ ಯಾವ ಪಾಲಿಸಿಯೂ ಯಾವ ಫತ್ವಾದ ತುಣುಕೂ ನಮ್ಮ ಪರವಾಗಿ ನಿಲ್ಲದು. ನೆರೆಯವರು ನಮ್ಮಿಂದ ನಿರ್ಭಯರಾಗಿರುವಂತೆ ಬಾಳುವ ಭಾಗ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.