ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುಂಚೆ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0, ಕನಿಷ್ಠ 4 ಜಿಬಿ ರ‍್ಯಾಮ್ ಕೇಳುತ್ತೆ. ಹಾಗಂತ ಮನೆಯ ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ. ಅದರೊಳಗೆ ನಿಮ್ಮ ಫೋಟೋಗಳೂ ಇರಬಹುದು.

ನಾನು ಇಂಥ ಲ್ಯಾಪ್‌ಟಾಪ್‌ಗಳಿಗೆ ಮೊದಲು ಪಪ್ಪಿ ಲಿನಕ್ಸ್ ಇರೋ ಪೆನ್‌ಡ್ರೈವ್ ಹಾಕಿ ನೋಡ್ತೀನಿ. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಶುರು ಮಾಡಿದ ಪುಟ್ಟ ಸಿಸ್ಟಂ ಇದು. ಪೂರ್ತಿ ರ‍್ಯಾಮ್‌ನಲ್ಲೇ ಓಡುವುದರಿಂದ ಹಾರ್ಡ್‌ಡಿಸ್ಕ್ ನಿಧಾನವಾಗಿದ್ರೂ ಕಾಟ ಕೊಡಲ್ಲ.

ಮಾಡೋದು ಹೀಗೆ: ಐಎಸ್‌ಒ ಫೈಲ್ ಡೌನ್‌ಲೋಡ್ ಮಾಡಿ, ಬೇರೊಂದು ಕಂಪ್ಯೂಟರ್‌ನಲ್ಲಿ ರೂಫಸ್ ತೆರೆದು ಪೆನ್‌ಡ್ರೈವ್‌ಗೆ ಬರೆಯಿರಿ. ಮೋಡ್ ಕೇಳಿದರೆ ಐಎಸ್‌ಒ ಮೋಡ್ ಆರಿಸಿ. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತೆ, ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಹಳೇ ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀ), ಯುಎಸ್‌ಬಿ ಆರಿಸಿ.

ಈಗ ಅವಸರ ಬೇಡ. ವೈಫೈ, ಸೌಂಡ್ ಕೆಲಸ ಮಾಡ್ತಾವಾ? ಕನ್ನಡ ಅಕ್ಷರ ಸರಿಯಾಗಿ ಕಾಣುತ್ತಾ? ನೀವಾಗಿ ಹೇಳುವವರೆಗೆ ಹಾರ್ಡ್‌ಡಿಸ್ಕ್‌ನಲ್ಲಿ ಏನೂ ಬದಲಾಗಲ್ಲ. ಮೊದಲ ಸಲ ಶಟ್‌ಡೌನ್ ಮಾಡುವಾಗ ಸೇವ್ ಮಾಡಲಾ ಅಂತ ಕೇಳುತ್ತೆ. ಪೆನ್‌ಡ್ರೈವ್‌ನಲ್ಲೇ ಸೇವ್ ಮಾಡಿದರೆ ಮುಂದಿನ ಸಲ ನಿಮ್ಮ ಸೆಟ್ಟಿಂಗ್ ಹಾಗೇ ಇರುತ್ತೆ.

ಇದರ ದೊಡ್ಡ ಉಪಕಾರ ಬೇರೆಯೇ. ವಿಂಡೋಸ್ ತೆರೆಯದೇ ಇದ್ರೂ ಹಾರ್ಡ್‌ಡಿಸ್ಕ್ ಜೀವಂತ ಇದ್ದರೆ, ಪರದೆಯ ಡ್ರೈವ್ ಐಕಾನ್ ಒತ್ತಿ ಫೋಟೋಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಬಹುದು. ಬಿಟ್‌ಲಾಕರ್ ಹಾಕಿದ್ದರೆ ಮಾತ್ರ ರಿಕವರಿ ಕೀ ಬೇಕೇ ಬೇಕು.

ದಿನಾ ಬಳಸೋಕೆ, 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ವಾಸಿ. ಅದನ್ನೂ ಹೀಗೇ ಪೆನ್‌ಡ್ರೈವ್‌ನಿಂದ ನೋಡಿ, ಒಪ್ಪಿದರಷ್ಟೇ ಇನ್‌ಸ್ಟಾಲ್ ಮಾಡಿ.