ಅಪಸ್ಮಾರಕ್ಕೆ ಮಾತ್ರೆಯ ಜೊತೆ ಮಾಹಿತಿಯೂ ಬೇಕು

ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗಲೇ ಕೆಲವರಿಗೆ ಫಿಟ್ಸ್ ಬರುತ್ತದೆ. ಜಗತ್ತಿನ ಬಹುಪಾಲು ಕಡೆ ಅಪರೂಪವಾದ ಈ ‘ಬಿಸಿನೀರಿನ ಅಪಸ್ಮಾರ’ ನಮ್ಮ ಮೈಸೂರು ಸೀಮೆಯೂ ಸೇರಿದಂತೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ನಿಮ್ಹಾನ್ಸ್ ವೈದ್ಯರು 1988ರಲ್ಲೇ ಇಂಥ 279 ಜನರ ವಿವರ ಪ್ರಕಟಿಸಿದ್ದರು. ಹಲವರಿಗೆ ನೀರಿನ ಬಿಸಿ ತಗ್ಗಿಸಿದರೇ ಸಾಕು, ಉಳಿದವರಿಗೆ ಮಾತ್ರೆಯುಂಟು. ಇಷ್ಟು ತಿಳಿಯದೆ ಹರಕೆ, ತಾಯಿತ ಎಂದು ವರ್ಷಗಟ್ಟಲೆ ಅಲೆಯುವ ಮನೆಗಳಿವೆ. ಅಪಸ್ಮಾರದಲ್ಲಿ ಮಾಹಿತಿಯೂ ಚಿಕಿತ್ಸೆಯ ಭಾಗವೇ. ಅದನ್ನು ಹುಡುಕಿಕೊಳ್ಳುವ ಭಾರವನ್ನು ರೋಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ಶೇ. 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಬಾರಿ ಔಷಧಿಯೇ ಬೇಕೆಂದಿಲ್ಲ. ಹಿಂದೆ ಮೈಸೂರು ಜಿಲ್ಲೆಗೇ ಸೇರಿದ್ದ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಗಳಲ್ಲಿ ರೋಗಿಗಳನ್ನು ಗುರುತಿಸಿ, ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿದರು. ಆ ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ರೋಗಿ ಬರಲೆಂದು ಕಾಯದೆ ಅವರಿದ್ದಲ್ಲಿಗೇ ಹೋದದ್ದು ಆ ಕೆಲಸದ ದೊಡ್ಡ ಪಾಠ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಮಾಹಿತಿಗೇನು ಬರ ಎಂದು ಕೇಳಬಹುದು. ಆದರೆ ಮೊಬೈಲಿನಲ್ಲಿ ವೈದ್ಯರ ಸಲಹೆಯ ಪಕ್ಕದಲ್ಲೇ ಮೂರು ದಿನದಲ್ಲಿ ಗುಣಪಡಿಸುವ ಜಾಹೀರಾತೂ ಇರುತ್ತದೆ. ಭಯದಲ್ಲಿರುವ ತಾಯಿಗೆ ಎರಡನ್ನೂ ಬೇರ್ಪಡಿಸಿ ಹೇಳುವವರು ಬೇಕು. ಫಿಟ್ಸ್ ಬಂದವರ ಕೈಗೆ ಕಬ್ಬಿಣವನ್ನೋ ಬೀಗದ ಕೈಯನ್ನೋ ಕೊಡುವುದು ವ್ಯರ್ಥ, ಬಾಯಿಗೆ ಏನನ್ನೂ ಇಡಬಾರದು, ಒಂದು ಮಗ್ಗುಲಿಗೆ ಹೊರಳಿಸಬೇಕು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಫಿಟ್ಸ್ ನಿಂತಿತೆಂದು ತಾವಾಗಿಯೇ ಮಾತ್ರೆ ಬಿಡಬಾರದು. ಗರ್ಭಿಣಿಯಾಗಬಯಸುವ ಹೆಣ್ಣುಮಗಳು ಮೊದಲೇ ವೈದ್ಯರನ್ನು ಕಂಡು, ಯಾವ ಮಾತ್ರೆ ಸುರಕ್ಷಿತವೆಂದು ಕೇಳಬೇಕು. ಇವನ್ನೆಲ್ಲ ಮನೆಮಂದಿಗೆ ಬಿಡಿಸಿ ಹೇಳಿದರೆ ಮಾತ್ರ ಬರೆದುಕೊಟ್ಟ ಚೀಟಿ ಪೂರ್ತಿ ಕೆಲಸ ಮಾಡುತ್ತದೆ.

ಮಾಹಿತಿಯಷ್ಟೇ ಒಬ್ಬರಿಗೊಬ್ಬರ ಬೆಂಬಲವೂ ಬೇಕು. ಅದಕ್ಕೆ ಅಡ್ಡ ನಿಂತಿರುವುದು ಬಚ್ಚಿಡುವ ಅಭ್ಯಾಸ. ಮಗಳ ಮದುವೆ ನಿಂತೀತೆಂದು ಹೆತ್ತವರು ಕಾಯಿಲೆ ಮುಚ್ಚಿಡುತ್ತಾರೆ. ಹೀಗಾಗಿ ಒಂದೇ ಬೀದಿಯಲ್ಲಿ ಇದೇ ಕಷ್ಟದಲ್ಲಿರುವ ಎರಡು ಮನೆಗಳು ಪರಸ್ಪರ ಅರಿಯದೇ ಉಳಿಯುತ್ತವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರ ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟ ಕಳಂಕವನ್ನು ಸಮಾಜ ಇನ್ನೂ ಹೊತ್ತು ತಿರುಗುವುದು ತಪ್ಪು.

ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಆದರೆ ಮನೆಮಂದಿಗೆ ತಿಳಿಹೇಳುವ ಕೆಲಸವನ್ನು ತರಬೇತಾದ ದಾದಿಯರು, ಆಶಾ ಕಾರ್ಯಕರ್ತೆಯರು ಮಾಡಬಲ್ಲರು. ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಯಿರುವ, ನೂರು ವರ್ಷ ಕಂಡ ವೈದ್ಯಕೀಯ ಕಾಲೇಜಿರುವ ಊರು ನಮ್ಮದು. ಮಾತ್ರೆಯ ಜೊತೆಗೆ ಕನ್ನಡದ ಒಂದು ಪುಟದ ತಿಳಿವಳಿಕೆ ಪತ್ರ, ತಿಂಗಳಿಗೊಮ್ಮೆ ರೋಗಿಗಳ ಮನೆಯವರು ಕೂತು ಮಾತಾಡುವ ಸಭೆ, ಶಾಲಾ ಶಿಕ್ಷಕರಿಗೆ ಪ್ರಥಮ ಚಿಕಿತ್ಸೆಯ ಪಾಠ: ಇವಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ. ನವೆಂಬರ್ 17ರ ರಾಷ್ಟ್ರೀಯ ಅಪಸ್ಮಾರ ದಿನ ಭಾಷಣದಲ್ಲೇ ಮುಗಿಯದಿರಲಿ. ಮೈಸೂರಿನ ಪ್ರತಿ ಆಸ್ಪತ್ರೆಯೂ ಈ ಮೂರರಲ್ಲಿ ಒಂದನ್ನಾದರೂ ಅಂದು ಆರಂಭಿಸಲಿ.