ಹಿಡಿದವನಿಗೆ ಕೋಳ, ಉಂಡವನಿಗೆ ಎಲೆಅಡಿಕೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕಾಡುಮೊಲ ತಿನ್ನುವವರು ಯಾರು ಅಂತ ಕೇಳಿ ನೋಡಿ. ಪೇಟೆಯ ಮಂದಿ ಥಟ್ಟನೆ ಹಟ್ಟಿಯ ಕಡೆ, ಗುಡಿಸಲ ಕಡೆ ಕೈ ತೋರಿಸುತ್ತಾರೆ. 'ಬೇಡ್ರು, ಹಕ್ಕಿಪಿಕ್ಕಿ, ಕೊರಚ್ರು, ಅವರಿಗೇನ್ ಬಿಡಿ ಸಾರ್, ಕಣ್ಣಿಗೆ ಬಿದ್ದಿದ್ದೆಲ್ಲಾ ತಿಂತಾರೆ.' ಇದು ಹಸೀ ಸುಳ್ಳು. ಇದೇ ಸೀಮೆಯ ಮ್ಯಾಸಬೇಡರು ಕೋಳಿ ಮುಟ್ಟದ ಜನ. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬ ಕಟ್ಟಲೆ ಹಟ್ಟಿಯಲ್ಲಿ ಇರುವಷ್ಟು ಪೇಟೆಯಲ್ಲಿಲ್ಲ.

ಇವತ್ತು ಹಟ್ಟಿಯ ಹುಡುಗ ಹಿಡಿದ ಮೊಲ ಹಟ್ಟಿಯ ಒಲೆ ಮೇಲೆ ಬೇಯುವುದು ಕಡಿಮೆಯಾಗಿದೆ. ಅದು ಗೋಣಿಚೀಲದಲ್ಲಿ ಮುಚ್ಚಿಕೊಂಡು ಪೇಟೆಗೆ ಹೋಗುತ್ತದೆ. ಕಂಟ್ರಾಕ್ಟರನ ತೋಟದ ಮನೆಗೆ ಹೋಗುತ್ತದೆ. ರಸ್ತೆ ಬದಿಯ ಢಾಬಾದ ಹಿಂಬಾಗಿಲಿಗೆ ಹೋಗುತ್ತದೆ. 'ಲೇ ತಮ್ಮಾ, ನಾಳೆ ಸಾಹೇಬ್ರು ಬರ್ತಾರೆ, ಎರಡು ಮೊಲ ಬೇಕಲ್ಲೋ. ಗೌಜಲು ಸಿಕ್ರೆ ಅದನ್ನೂ ತಾ' ಎಂದು ಹಿಂದಿನ ದಿನವೇ ಫೋನು ಬರುತ್ತದೆ. ಕೈಗೆ ಮುಂಗಡ ಬಿದ್ದಿರುತ್ತದೆ. ಮುಂಗಡ ತಗೊಂಡವನು ಇಲ್ಲ ಅನ್ನುವ ಹಾಗಿಲ್ಲ. ಇದನ್ನು ಬೇಟೆ ಅಂತ ಕರೆಯುವುದೇ ತಪ್ಪು. ಇದು ಕೂಲಿ. ಕೂಲಿಗಿಂತ ಕಡೆ. ಶೇಂಗಾ ಕೀಳುವ ಕೂಲಿಗೆ ಜೈಲಿಲ್ಲ, ಇದಕ್ಕೆ ಜೈಲಿದೆ.

ಕೊಳ್ಳುವವನ ಜಾತಿ ಮತ್ತು ನಾಲಿಗೆಯ ಸಂಬಂಧವನ್ನೂ ನೋಡಿ. ಹಟ್ಟಿಗೆ ಬಂದರೆ ನೀರು ಕುಡಿಯುವುದಿಲ್ಲ, 'ಈಗ್ತಾನೆ ಕುಡ್ದು ಬಂದೆ ಕಣಪ್ಪಾ' ಎನ್ನುತ್ತಾನೆ. ಅದೇ ಹಟ್ಟಿಯವನು ಸುಲಿದು, ತೊಳೆದು, ತುಂಡು ಮಾಡಿ ಕೊಟ್ಟ ಮಾಂಸ ಮಾತ್ರ ಮೈಲಿಗೆಯಿಲ್ಲ! ಮನೆಯಲ್ಲಿ ಶ್ರಾವಣ ಹಿಡಿದು ಸೋಮವಾರ ಮಾಡುವವನು ತೋಟದ ಮನೆಯಲ್ಲಿ ಮೊಲದ ಸಾರಿಗೆ ಕಾದು ಕೂತಿರುತ್ತಾನೆ. ದನದ ಬಾಡು ತಿಂದವನನ್ನು ಹೀನ ಎಂದ ನಾಲಿಗೆಗೆ ಕದ್ದ ಬಾಡು 'ಸ್ಪೆಷಲ್' ಆಗಿಬಿಡುತ್ತದೆ.

ಈಗ ಕಾನೂನಿಗೆ ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಮೊಲ ನಾಲ್ಕನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎರಡನೆಯದಕ್ಕೆ ಏರಿದೆ. ಹಿಡಿದರೆ 3 ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಮೊದಲು ದಂಡ 25 ಸಾವಿರವಿತ್ತು. ರಾಜಿ ಮಾಡಿಕೊಳ್ಳುವ ಮೊತ್ತದ ಮಿತಿಯೂ 25 ಸಾವಿರದಿಂದ 5 ಲಕ್ಷಕ್ಕೆ ಜಿಗಿದಿದೆ. ಉಡ, ಕೃಷ್ಣಮೃಗ ಆದರೆ ಮೊದಲ ಅನುಸೂಚಿ, ಕಡಿಮೆಯೆಂದರೂ 3 ವರ್ಷ. ಹೋದ ಬೈಕೂ ಸರಕಾರದ ಪಾಲು. ಎರಡು ಮೂರು ಕೇಜಿ ತೂಗುವ ಒಂದು ಪ್ರಾಣಿಗೆ ಇಷ್ಟು.

ಆದರೆ ಗೆಳೆಯರೆ, ಅದೇ ಕಾಯ್ದೆಯನ್ನು ಇನ್ನೂ ನಾಲ್ಕು ಪುಟ ತಿರುವಿ ಹಾಕಿ. ಬೇಟೆಯಾದ ಪ್ರಾಣಿ ಸರಕಾರದ ಸೊತ್ತು, ಅನುಮತಿಯಿಲ್ಲದೆ ಅದನ್ನು ಪಡೆಯುವುದೂ ಇಟ್ಟುಕೊಳ್ಳುವುದೂ ಅಪರಾಧ ಎನ್ನುತ್ತದೆ 39ನೆಯ ಕಲಮು. ಕಾಡುಮಾಂಸವನ್ನು ಹೋಟೆಲಿನಲ್ಲಿ ಬೇಯಿಸಿ ಬಡಿಸುವುದನ್ನು 44ನೆಯ ಕಲಮು ತಡೆಯುತ್ತದೆ. ಹಸಿಯಾಗಲಿ ಬೇಯಿಸಿದ್ದಾಗಲಿ ಮಾಂಸ ಮಾಂಸವೇ ಎಂದು ವ್ಯಾಖ್ಯೆಯಲ್ಲೇ ಬರೆದಿದೆ. ಅಂದರೆ ಕೊಂಡವನೂ ಬೇಯಿಸಿದವನೂ ಕಾನೂನಿನ ಲೆಕ್ಕದಲ್ಲಿ ಅಪರಾಧಿಗಳೇ. ಹಾಗಾದರೆ ಪೇಪರಿನಲ್ಲಿ ಬರುವ ಫೋಟೋದಲ್ಲಿ ಯಾರಿರುತ್ತಾರೆ? ಸತ್ತ ಮೊಲ, ಬಲೆ, ಬ್ಯಾಟರಿ ಮುಂದಿಟ್ಟು, ತಲೆ ತಗ್ಗಿಸಿ ಕುಕ್ಕರುಗಾಲಲ್ಲಿ ಕೂತ ಹಟ್ಟಿಯ ಹುಡುಗರು. ಹಿಂದೆ ನಿಂತ ಸಿಬ್ಬಂದಿ. ಮುಂಗಡ ಕೊಟ್ಟವನು ಆ ಹೊತ್ತಿಗೆ ಬೇರೆ ಹುಡುಗನಿಗೆ ಫೋನು ಹಚ್ಚಿರುತ್ತಾನೆ.

ದೊಡ್ಡವರ ಕೇಸುಗಳೂ ಇವೆ. 2005ರಲ್ಲಿ ಹರಿಯಾಣದ ಝಜ್ಜರಿನಲ್ಲಿ ಕ್ರಿಕೆಟ್ಟಿನ ನವಾಬ ಪಟೌಡಿಯವರ ಮೇಲೆ ಒಂದು ಕೃಷ್ಣಮೃಗ, ಎರಡು ಮೊಲದ ಕೇಸು ಬಿತ್ತು. 2011ರಲ್ಲಿ ಅವರು ತೀರಿಕೊಂಡರು, ಅಲ್ಲಿಯವರೆಗೂ ತೀರ್ಪು ಬಂದಿರಲಿಲ್ಲ. ಸಿನಿಮಾದ ಸಲ್ಮಾನ್ ಖಾನರಿಗೆ 1998ರ ಕೃಷ್ಣಮೃಗಕ್ಕೆ 2018ರಲ್ಲಿ 5 ವರ್ಷ ಶಿಕ್ಷೆಯಾಯಿತು, ಎರಡು ದಿನದಲ್ಲಿ ಜಾಮೀನೂ ಆಯಿತು. ನಮ್ಮ ಹಟ್ಟಿಯ ಹುಡುಗನಿಗೆ ಜಾಮೀನು ನಿಲ್ಲಲು ಪಹಣಿ ಇರುವ ಒಬ್ಬ ಮನುಷ್ಯ ಬೇಕು. ಪಹಣಿ ಇರುವವರೆಲ್ಲ ಮೊಲ ಉಂಡವರ ಕಡೆಯವರು.

ಮೊಳಕಾಲ್ಮೂರು ತಾಲೂಕಿನ ಮೇಷ್ಟ್ರುಗಳು ಮಕ್ಕಳನ್ನು ಬ್ರಹ್ಮಗಿರಿಗೆ, ಸಿದ್ದಾಪುರಕ್ಕೆ, ಜಟಿಂಗರಾಮೇಶ್ವರಕ್ಕೆ ಕರೆದುಕೊಂಡು ಹೋಗುತ್ತಾರೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನಗಳು ಅಲ್ಲಿವೆ. ತಂದೆತಾಯಿಗಳ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂಬ ಮಾತು ಅಲ್ಲಿದೆ. ಒಳ್ಳೆಯ ಮಾತೇ. ಆದರೆ ಅದೇ ದೊರೆ ಬೇರೆ ಕಡೆ ಕೊರೆಸಿದ್ದನ್ನೂ ಮಕ್ಕಳಿಗೆ ಹೇಳಿ. ತನ್ನ ಅಡುಗೆಮನೆಯಲ್ಲಿ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿ ಸಾಯುತ್ತಿದ್ದವು, ಈಗ ಎರಡು ನವಿಲು ಒಂದು ಜಿಂಕೆಗೆ ಇಳಿದಿದೆ, ಮುಂದೆ ಅದೂ ಇರುವುದಿಲ್ಲ ಎಂದು ಮೊದಲನೆಯ ಬಂಡೆಶಾಸನದಲ್ಲಿ ಹೇಳಿಕೊಂಡ. ಹದಿಮೂರನೆಯದರಲ್ಲಿ ಅಡವಿಯ ಜನಕ್ಕೆ, ಪಶ್ಚಾತ್ತಾಪ ಪಟ್ಟಿದ್ದೇನೆಂದು ಮೈಮರೆಯಬೇಡಿ, ದಂಡಿಸುವ ಶಕ್ತಿ ನನಗಿದೆ ಎಂದು ಎಚ್ಚರಿಸಿದ. ಇಂದಿನ ಸರಕಾರ ಆ ಬೆದರಿಕೆಯನ್ನು ಮಾತ್ರ ನೆನಪಿಟ್ಟುಕೊಂಡು ಅಡುಗೆಮನೆಯನ್ನು ಮರೆತಿದೆ.

1991 ನಮ್ಮ ಜನ ನೆನಪಿಡಬೇಕಾದ ವರ್ಷ. ಆ ವರ್ಷ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಅದೇ ವರ್ಷ ವನ್ಯಜೀವಿ ಕಾಯ್ದೆ ತಿದ್ದಿ ಬೇಟೆಯ ಪರವಾನಗಿಯನ್ನು ಮುಚ್ಚಿದರು. ಒಂದು ಕೈ ಬುಡಕಟ್ಟು ಎಂದು ಸರ್ಟಿಫಿಕೇಟ್ ಕೊಟ್ಟಿತು, ಇನ್ನೊಂದು ಕೈ ಬಲೆ ಕಿತ್ತುಕೊಂಡಿತು. 2006ರ ಅರಣ್ಯ ಹಕ್ಕು ಕಾಯ್ದೆಯೂ ಸಾಂಪ್ರದಾಯಿಕ ಹಕ್ಕುಗಳನ್ನೆಲ್ಲ ಎಣಿಸಿ, ಬೇಟೆ ಒಂದನ್ನು ಬಿಟ್ಟು ಎಂದು ಬರೆಯಿತು. ಬಲೆ ಹೋದದ್ದಕ್ಕೆ ಬದಲಾಗಿ ಏನು ಬಂತು ಎಂದು ಯಾರೂ ಲೆಕ್ಕ ಕೊಟ್ಟಿಲ್ಲ.

ಬಲೆ ವಾಪಸ್ ಕೊಡಿ ಎಂದು ನಾನು ಕೇಳುತ್ತಿಲ್ಲ. 'ಬೇಟೆ ನಮ್ಮ ಸಂಸ್ಕೃತಿ' ಎಂದು ವೇದಿಕೆ ಮೇಲೆ ಗುಡುಗುವ ನಮ್ಮವರ ಮಾತನ್ನೂ ಒಪ್ಪುವುದಿಲ್ಲ. ಹಟ್ಟಿಯ ಬೇಟೆಗೆ ಒಂದು ದಿನವಿತ್ತು, ಒಂದು ಪಾಲಿತ್ತು. ಸೋವಿದವನಿಗೆ, ಹೊಡೆದವನಿಗೆ, ನಾಯಿ ತಂದವನಿಗೆ, ಬರಲಾಗದ ಮುದುಕಿಗೆ ಪಾಲು. ಈಗಿನದಕ್ಕೆ ದಿನವಿಲ್ಲ, ಪಾಲಿಲ್ಲ, ದರ ಮಾತ್ರ ಇದೆ. ರಾತ್ರಿ ಬೈಕಿನಲ್ಲಿ ಹೋಗಿ ಬ್ಯಾಟರಿ ಬಿಟ್ಟರೆ ಮೊಲ ಕಣ್ಣು ಕೋರೈಸಿ ನಿಂತಲ್ಲೇ ನಿಲ್ಲುತ್ತದೆ, ಮರಿ ಹಾಕಿದ್ದೋ ಬಸುರೋ ನೋಡುವವರಿಲ್ಲ. ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ದನದ ದವಡೆ ಸಿಡಿಯುತ್ತದೆ. ದನ ಯಾರದ್ದು? ಮತ್ತೆ ಹಟ್ಟಿಯದ್ದೇ.

ಮೊಲ ಇರುವುದು ದಟ್ಟ ಕಾಡಿನಲ್ಲಲ್ಲ. ಹುಲ್ಲು, ಕುರುಚಲು, ಕಾವಲು ಅದರ ಮನೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು 2010ರ ಆಸುಪಾಸಿನಲ್ಲಿ ಹಂಚಿದರು. ಡಿಆರ್‌ಡಿಓಗೆ 4,290 ಎಕರೆ, ಬಾರ್ಕ್‌ಗೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಕುರಿಯವರು, ದನದವರು ಕೂಗಿದರು. 2013ರಲ್ಲಿ ಹಸಿರು ನ್ಯಾಯಮಂಡಳಿಯ ಮುಂದೆ ವಾದ ನಡೆಯಿತು. ಗೋಡೆ ನಿಂತಿತು. 2017ರಲ್ಲಿ ಡಿಆರ್‌ಡಿಓ ಪರೀಕ್ಷಾ ವಲಯ ಉದ್ಘಾಟನೆಯಾಯಿತು, 2023ರಲ್ಲಿ ಇಸ್ರೋದ ರೆಕ್ಕೆಯ ರಾಕೆಟ್ಟು ಅಲ್ಲಿ ಇಳಿಯಿತು. ವಿಜ್ಞಾನ ಬೇಡವೆನ್ನುವ ಮೂರ್ಖ ನಾನಲ್ಲ. ಸಾವಿರಾರು ಎಕರೆ ಹುಲ್ಲಿಗೆ ಗೋಡೆ ಎದ್ದಾಗ ಎಷ್ಟು ಮೊಲ, ಎಷ್ಟು ಗೌಜಲು ನೆಲೆ ತಪ್ಪಿದವೆಂದು ಯಾವ ಜೀಪು ಬಂದು ಮಹಜರು ಬರೆಯಿತು? ಮೇಯಲು ನೆಲ ಕಳಕೊಂಡ ಕುರಿಗಾಹಿಯ ಮಗ ಅದೇ ಗೋಡೆ ಪಕ್ಕದಲ್ಲಿ ಒಂದು ಮೊಲ ಹಿಡಿದರೆ ಮಾತ್ರ ವನ್ಯಜೀವಿ ಅಳಿಯುತ್ತದೆ!

ಇನ್ನು ನಮ್ಮವರಿಗೇ ಒಂದು ಮಾತು. ತಾಲೂಕು ಶಿಬಿರಕ್ಕೆ ಬೆಂಗಳೂರಿನಿಂದ, ದುರ್ಗದಿಂದ ಬಂದ ಸಂಗಾತಿಗಳಿಗೆ 'ಏನಾದ್ರೂ ಸ್ಪೆಷಲ್ ಮಾಡ್ಸೋಣ' ಎನ್ನುವ ಹುಡುಗರು ನಮ್ಮಲ್ಲೂ ಇದ್ದಾರೆ. ಹಟ್ಟಿ ಶಾಲೆಯ ಮೇಷ್ಟ್ರಿಗೆ ಶನಿವಾರ ಮೊಲ ತಲುಪಿಸುವ ಹುಡುಗ ಅದೇ ಶಾಲೆಯ ಏಳನೇ ಕ್ಲಾಸಿನವನು. ಮೇಷ್ಟ್ರೆ, ನೀವು ಕೊಡುವ ದುಡ್ಡು ಅವನ ರಾತ್ರಿಯ ನಿದ್ದೆಯನ್ನು, ಸೋಮವಾರದ ಹಾಜರಿಯನ್ನು ಕೊಂಡಿದೆ. ಬಾಡು ಬೇಕೆಂದರೆ ಕುರಿ ಸಂತೆಯಿದೆ. ಕುರಿ ಸಾಕಿದವನಿಗೆ ಹಗಲು ಹೊತ್ತಿನಲ್ಲಿ, ನಾಲ್ಕು ಜನರೆದುರು, ಸರಿಯಾದ ಬೆಲೆ ಕೊಡಿ.

ಹುಡುಗರು ಸಿಕ್ಕಿಬಿದ್ದ ದಿನ ಸಂಘಟನೆಯವರು ಆಫೀಸಿನ ಮುಂದೆ ಹೋಗಿ ನಿಲ್ಲಬೇಕು. ಬಿಟ್ಟುಬಿಡಿ ಸ್ವಾಮೀ ಎಂದು ಕೈಮುಗಿಯುವುದಕ್ಕಲ್ಲ. ಮುಂಗಡ ಕೊಟ್ಟವನು ಯಾರು, ಯಾವ ಢಾಬಾಕ್ಕೆ ಹೋಗಬೇಕಿತ್ತು, ಹುಡುಗನ ಫೋನಿಗೆ ಕೊನೆಯ ಕರೆ ಯಾರದ್ದು, ಇಷ್ಟನ್ನೂ ಹೇಳಿಕೆಯಲ್ಲಿ ಬರೆಸಬೇಕು. ಬರೆಯದಿದ್ದರೆ ಆ ಮಹಜರಿಗೆ ನಮ್ಮವರು ಯಾರೂ ಪಂಚರಾಗಿ ಸಹಿ ಹಾಕಬಾರದು.